ವಾಷರ್ ಮಗುಚಿದ ಬೆರಳು

ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವ ಪಂಪು ಮೂರು ದಿನದಿಂದ ಕೆಟ್ಟು ಕೂತಿತ್ತು. ಮೈಲುತುತ್ತ, ಸುಣ್ಣ ಎರಡೂ ತಂದಿಟ್ಟಾಗಿದೆ. ತೀರ್ಥಹಳ್ಳಿ ಕಡೆ ಮಳೆ ಸ್ವಲ್ಪ ಹೊಳವಾಗಿದೆ. ಕಂಪನಿಗೆ ಫೋನ್ ಮಾಡಿದರೆ ಬರೀ ರೆಕಾರ್ಡ್ ಮಾಡಿದ ದನಿ.

ನಿನ್ನೆ ರಾತ್ರಿ ಪಂಪಿನ ವಾಲ್ವ್ ಸೋರುವ ವಿಡಿಯೋ ಆನ್‌ಲೈನಿನಲ್ಲಿ ಹಾಕಿದೆ. ಬೆಳಿಗ್ಗೆ ಕಂಪನಿಯ ಎಂಜಿನಿಯರ್ ಒಬ್ಬರು ಉತ್ತರ ಕೊಟ್ಟಿದ್ದರು, ಕನ್ನಡದಲ್ಲೇ. ಜೊತೆಗೊಂದು ವಿಡಿಯೋ. ಗ್ರೀಸ್ ಮೆತ್ತಿದ ಬೆರಳು ವಾಷರ್ ತೆಗೆದು, ಮಗುಚಿ, ಮತ್ತೆ ಕೂರಿಸುತ್ತದೆ. 'ತಲೆಕೆಳಗಾಗಿ ಹಾಕಿದ್ದೇವೆ, ತಪ್ಪು ನಮ್ಮದೇ' ಅಂದರು. ಆ ಒಂದು ಮಾತಿಗೆ ಅಪ್ಪಯ್ಯನ ಸಿಟ್ಟು ಇಳಿದುಹೋಯಿತು.

ಇದನ್ನು ನೋಡಿ ಹಳೆಯದೊಂದು ನೆನಪಾಯಿತು. 2005ರಲ್ಲಿ ಅಮೆರಿಕದ ಪತ್ರಕರ್ತ ಜೆಫ್ ಜಾರ್ವಿಸ್ ತಮ್ಮ ಡೆಲ್ ಲ್ಯಾಪ್‌ಟಾಪಿನ ಗೋಳನ್ನು ಬ್ಲಾಗಿನಲ್ಲಿ ಬರೆದಿದ್ದರು. ಓದಿದವರೂ ತಮ್ಮ ತಮ್ಮ ಗೋಳು ಸೇರಿಸಿದರು. ಮರುವರ್ಷ ಡೆಲ್ ತಾನೇ ಬ್ಲಾಗ್ ಶುರು ಮಾಡಿತು. ಮೊದಲೆಲ್ಲ ಕಂಪನಿ ಮಾತು ಅಂದರೆ ಜಾಸ್ತಿ ಪತ್ರಿಕಾ ಪ್ರಕಟಣೆಯೇ. ಈಗ ಅದಕ್ಕೊಂದು ಕೈ, ಒಂದು ದನಿ ಬಂದಿದೆ ಅಲ್ವಾ? ನನಗಂತೂ ಖುಷಿ.

ಆದರೆ ಬಟನ್ ಫೋನು ಮಾತ್ರ ಇರುವ ಪಕ್ಕದ ಮನೆ ಅಜ್ಜನಿಗೂ ಇದೇ ಉತ್ತರ ಸಿಗಬೇಕು. ಅವರದ್ದೂ ಇದೇ ಪಂಪು. ಸಂಜೆ ಹೋಗಿ ವಾಷರ್ ನೋಡಿ ಬರುತ್ತೇನೆ.