ಸ್ಕೂಟರಿಗೆ ವೈರ್‌ಲೆಸ್ ಚಾರ್ಜರ್: ಸುರುಳಿ ಮುಗಿಯಿತು, ಕಂಟ್ರೋಲ್ ಬಾಕಿ

ಹಾಸನದ ನಮ್ಮ ಶೆಡ್ಡಿನಲ್ಲಿ ಕಟ್ಟುತ್ತಿರುವ ಚಾರ್ಜರ್ ಈ ವಾರ ಪವರ್ ದಾಟಿಸಿತು. ನೆಲದ ಮೇಲೆ ಒಂದು ತಾಮ್ರದ ತಂತಿಯ ಸುರುಳಿ, ಸ್ಕೂಟರಿನ ಅಡಿಗೆ ಇನ್ನೊಂದು. ನಡುವೆ 12 ಸೆಂ.ಮೀ. ಬರೀ ಗಾಳಿ. ಕೆಳಗಿನದರ ಕಾಂತಕ್ಷೇತ್ರ ಮೇಲಿನದರಲ್ಲಿ ಕರೆಂಟ್ ಹುಟ್ಟಿಸುತ್ತದೆ. ಪ್ಲಗ್ ಬೇಡ ಅನ್ನೋದಕ್ಕೆ ನನಗೆ ಮುಖ್ಯ ಕಾರಣ ಮಳೆ. ಸಕಲೇಶಪುರದ ಕಡೆ ಜೂನ್‌ನಿಂದ ಶುರುವಾದರೆ ಸಾಕೆಟ್ಟಿನ ಕಾಲುಗಳಿಗೆ ಕಿಲುಬು ಹಿಡಿಯುತ್ತದೆ. ಸುರುಳಿಗೆ ಆ ತಾಪತ್ರಯ ಇಲ್ಲ. ನೀರು, ಕೆಸರು ಕಾಂತಕ್ಷೇತ್ರವನ್ನು ಹೆಚ್ಚುಕಡಿಮೆ ತಡೆಯುವುದೇ ಇಲ್ಲ.

ಫ್ರೀಕ್ವೆನ್ಸಿ, ಅಂದರೆ ಕರೆಂಟ್ ಹಿಂದೆಮುಂದೆ ಆಗುವ ವೇಗ, 85 ಕಿಲೋಹರ್ಟ್ಸ್ ಇಟ್ಟುಕೊಂಡೆ. ಕಾರುಗಳ ವೈರ್‌ಲೆಸ್ ಚಾರ್ಜಿಂಗಿಗೆ ಬಂದಿರುವ ಎಸ್‌ಎಇ ಜೆ2954 ಮಾನದಂಡವೂ ಅದನ್ನೇ ಹೇಳುತ್ತದೆ. ಈ ವೇಗದಲ್ಲಿ ಕರೆಂಟ್ ತಾಮ್ರದ ಮೈಯಲ್ಲಿ ಸುಮಾರು 0.22 ಮಿ.ಮೀ. ಆಳಕ್ಕಷ್ಟೇ ಇಳಿಯುತ್ತದೆ. ದಪ್ಪ ತಂತಿ ಹಾಕಿದರೆ ಒಳಗಿನ ತಾಮ್ರ ಸುಮ್ನೆ ದಂಡ. ಅದಕ್ಕೆ ತೆಳು ಎಳೆಗಳ ಹುರಿ ಹೊಸೆಯಲು 38 ಗೇಜಿನ ಎನಾಮೆಲ್ ತಂತಿ ಬೇಕಿತ್ತು. ಮೋಟಾರ್ ವೈಂಡಿಂಗ್ ಅಂಗಡಿಯವರು ನೋಡಿ, “ಸಾರ್, ಇದು ಫ್ಯಾನಿಗೆ ಹಾಕೋದು, ಪಂಪಿಗೆ ಬರಲ್ಲ” ಅಂದರು. ವಿಷಯ ಹೇಳಿದ ಮೇಲೆ ಅವರೇ ಡ್ರಿಲ್ ಮೆಷಿನ್ ತಂದು ಹೊಸೆಯಲು ಕೈ ಜೋಡಿಸಿದರು. 20 ಎಳೆಗಳ ಐದು ಹುರಿ, ಆಮೇಲೆ ಐದನ್ನೂ ಸೇರಿಸಿ ಒಂದು. ಅಷ್ಟು ಚೊಕ್ಕವಾದ ಹುರಿ ನನ್ನೊಬ್ಬನ ಕೈಯಲ್ಲಿ ಆಗುತ್ತಿರಲಿಲ್ಲ.

30 ಸೆಂ.ಮೀ. ಅಗಲದ ಚಪ್ಪಟೆ ಸುರುಳಿ, 17 ಸುತ್ತು. ಹಿಂದೆ ಕಾಂತಕ್ಷೇತ್ರಕ್ಕೆ ದಾರಿ ಕೊಡುವ ಫೆರೈಟ್ ಪಟ್ಟಿ ಇಟ್ಟಾಗ ಇಂಡಕ್ಟೆನ್ಸ್ (ಕರೆಂಟಿನ ಬದಲಾವಣೆಯನ್ನು ಎದುರಿಸುವ ಗುಣ) 100 ಮೈಕ್ರೋಹೆನ್ರಿ ಹತ್ತಿರ ಬಂತು. ಅದಕ್ಕೆ ಸರಣಿಯಲ್ಲಿ 35 ನ್ಯಾನೋಫ್ಯಾರಡ್ ಕೆಪಾಸಿಟರ್ ಹಾಕಿದರೆ 85ಕ್ಕೆ ಅನುರಣನ ಕೂರುತ್ತದೆ, ಅಂದರೆ ಎರಡೂ ಒಂದೇ ತಾಳಕ್ಕೆ ತೂಗುತ್ತವೆ. ಕೆಪಾಸಿಟರ್ ವಿಷಯದಲ್ಲಿ ಜಿಪುಣತನ ಬೇಡ. ಸಪ್ಲೈ 48 ವೋಲ್ಟೇ ಇರಬಹುದು, ಆದರೆ ಸುರುಳಿಯಲ್ಲಿ 5 ಆಂಪಿಯರ್ ಹರಿದರೆ ಕೆಪಾಸಿಟರ್ ಮೇಲೆ ಏರುಮಟ್ಟ 380 ವೋಲ್ಟ್ ಹತ್ತಿರ ಬೀಳುತ್ತದೆ. ಪಾಲಿಪ್ರೊಪಿಲೀನ್ ಫಿಲ್ಮ್ ಜಾತಿಯದ್ದನ್ನೇ ಹಾಕಿದೆ.

ಮೇಲಿನ ಸುರುಳಿಗೆ ಇನ್ನೊಂದು ರಕ್ಷಣೆ ಬೇಕು. ಸ್ಕೂಟರಿನ ಸ್ಟ್ಯಾಂಡ್, ಚಾಸಿ ಎಲ್ಲ ಕಬ್ಬಿಣ. ಕ್ಷೇತ್ರ ಅಲ್ಲಿಗೆ ಮುಟ್ಟಿದರೆ ಅವು ಬಿಸಿಯಾಗುತ್ತವೆ. ಫೆರೈಟಿನ ಮೇಲೆ ಒಂದು ಅಲ್ಯೂಮಿನಿಯಂ ತಗಡು ಹಾಕಿ ಅಡ್ಡ ಕಟ್ಟಿದ್ದೇನೆ.

ಈಗ ನನಗೆ ತುಂಬ ಹಿಡಿಸಿದ ಭಾಗ. ಬ್ಯಾಟರಿ ಬದಲು ಸದ್ಯಕ್ಕೆ 14 ಓಮ್ ಲೋಡ್ ಇಟ್ಟಿದ್ದೇನೆ. ಸುರುಳಿಗಳು ನೇರ ಇದ್ದಾಗ ಅದರ ಮೇಲೆ 51 ವೋಲ್ಟ್. ಮೇಲಿನದನ್ನು 5 ಸೆಂ.ಮೀ. ಪಕ್ಕಕ್ಕೆ ಸರಿಸಿದರೆ ಕಡಿಮೆಯಾಗಬೇಕು ಅನ್ನಿಸುತ್ತದೆ, ಅಲ್ವಾ? 58ಕ್ಕೆ ಏರಿತು! ಎರಡೂ ಕಡೆ ಸರಣಿ ಕೆಪಾಸಿಟರ್ ಇರುವ ಸರ್ಕ್ಯೂಟಿನ ಗುಣವೇ ಇದು. ಮೇಲಿನ ಲೋಡ್ ಕೆಳಗಿನ ಸುರುಳಿಗೆ ಒಂದು ರೆಸಿಸ್ಟೆನ್ಸ್ ಆಗಿ ಕಾಣುತ್ತದೆ. ಜೋಡಣೆ ಸಡಿಲವಾದಷ್ಟೂ ಆ ರೆಸಿಸ್ಟೆನ್ಸ್ ಇಳಿಯುತ್ತದೆ, ಕೆಳಗಿನ ಕರೆಂಟ್ ಏರುತ್ತದೆ. ಸ್ಕೂಟರ್ ಪೂರ್ತಿ ಆಚೆ ಹೋದರೆ ಉಳಿಯುವುದು ತಂತಿಯ ಚೂರು ರೆಸಿಸ್ಟೆನ್ಸ್ ಮಾತ್ರ. ಆಗ ಕೆಳಗಿನ ಸುರುಳಿಗೆ ಕರೆಂಟ್ ಬಿಡುವ ಸ್ವಿಚ್‌ಗಳಾದ ಮಾಸ್ಫೆಟ್‌ಗಳು ಒಂದು ಕ್ಷಣವೂ ಉಳಿಯುವುದಿಲ್ಲ. ಖಾಲಿ ಪ್ಯಾಡ್ (ಕೆಳಗಿನ ಸುರುಳಿ) ಆನ್ ಆಗಿರುವುದು, ಗಾಡಿ ನಿಂತಿರುವುದಕ್ಕಿಂತ ಅಪಾಯ.

ಮನೆಯಲ್ಲಿ ದಿನಾ ಸ್ಕೂಟರನ್ನು ಗೆರೆ ಎಳೆದ ಹಾಗೆ ಯಾರೂ ನಿಲ್ಲಿಸುವುದಿಲ್ಲ. ಹಾಗಾಗಿ ದೊಡ್ಡ ಸುರುಳಿ ಮಾಡುವುದಕ್ಕಿಂತ ಕಂಟ್ರೋಲ್ ಸರಿ ಮಾಡುವುದೇ ನನ್ನ ಮಟ್ಟಿಗೆ ನಿಜವಾದ ಡಿಸೈನ್. ಮಾಸ್ಫೆಟ್ ಬ್ರಿಡ್ಜಿನ ಎರಡು ಕಾಲುಗಳ (ಸ್ವಿಚ್ ಜೋಡಿಗಳ) ನಡುವಿನ ಫೇಸ್, ಅಂದರೆ ಆನ್-ಆಫ್ ಆಗುವ ಸಮಯದ ಅಂತರ, ಬದಲಿಸಿ ವೋಲ್ಟೇಜ್ ಇಳಿಸಬೇಕು. ಶುರುವಿನಲ್ಲಿ ಸಣ್ಣ ವೋಲ್ಟೇಜಿನಲ್ಲಿ ಕೆಳಗಿನ ಕರೆಂಟ್ ಅಳೆದು, ಮೇಲೆ ಗಾಡಿ ಇದೆಯೋ ಇಲ್ಲವೋ ತಿಳಿದ ಮೇಲಷ್ಟೇ ಪೂರ್ತಿ ಬಿಡಬೇಕು. ಕರೆಂಟ್ ಸೆನ್ಸರ್ ಬೋರ್ಡ್ ಬೆಸುಗೆ ಹಾಕಿ ಮುಗಿಸಿದ್ದೇನೆ, ಕೋಡ್ ಅರ್ಧ ಆಗಿದೆ. ಅದು ಮುಗಿಯುವವರೆಗೆ ಬ್ಯಾಟರಿ ಜೋಡಿಸುವುದಿಲ್ಲ.