ಗಿಡದೊಳಗಿನ ಟಂಟಂ

ಹುನಗುಂದ ಕಡೆ ನಮ್ಮ ಕಾಕಾನ ದಾಳಿಂಬೆ ತೋಟ ಇದೆ. ಭಗ್ವಾ ತಳಿ, ಹನಿ ನೀರಾವರಿ. ಜುಲೈನಲ್ಲಿ ಜಿಟಿಜಿಟಿ ಮಳೆ ಹಿಡಿದಾಗ ಹೋಗಿದ್ದೆ. ಎಲೆಗಳ ಮೇಲೆ ಎಣ್ಣೆ ಚುಕ್ಕೆ ಬಿದ್ದಿತ್ತು, ಕಾಯಿಗಳಲ್ಲಿ ಕಪ್ಪು ಕಲೆ, ಕೆಲವು ಸೀಳಿಯೂ ಇದ್ದವು. ದುಂಡಾಣು ಅಂಗಮಾರಿ. ಕ್ಸಾಂಥೊಮೊನಾಸ್ ಎಂಬ ಬ್ಯಾಕ್ಟೀರಿಯಾದ ಕೆಲಸ. 1952ರಲ್ಲೇ ದೆಹಲಿಯಲ್ಲಿ ಕಂಡ ರೋಗ ಇದು. ನಮ್ಮ ಬಾಗಲಕೋಟೆ, ವಿಜಯಪುರದ ಕಡೆ ಎಷ್ಟೋ ಜನ ಇದರ ಕಾಟಕ್ಕೆ ತೋಟವನ್ನೇ ಕಿತ್ತು ಹಾಕಿದ್ದಾರೆ.

ಮಳೆ ಬಿಟ್ಟಾಗ ಕಾಕಾ ಪಂಪು ಬೆನ್ನಿಗೆ ಹಾಕಿಕೊಂಡು ಔಷಧಿ ಹೊಡೆಯುತ್ತಿದ್ದರು. ತಾಮ್ರದ ಪುಡಿ, ಜೊತೆಗೆ ಸ್ಟ್ರೆಪ್ಟೋಸೈಕ್ಲಿನ್. ಸಿಟ್ಟು ಬಂದಿತ್ತು ಅನಿಸುತ್ತೆ.

"ಎಲ್ಲಾ ನಾವಾ ಮಾಡಬೇಕು. ಈ ಗಿಡದ ಕೈಲೆ ಏನೂ ಆಗೂದಿಲ್ಲೇನವಾ?"

ಬಾಟನಿಯಲ್ಲಿ ಎಂ.ಎಸ್ಸಿ. ಮಾಡಿದವಳಿಗೆ ಇಂಥ ಪ್ರಶ್ನೆ ಸಿಕ್ಕರೆ ಬಿಡ್ತೀನಾ? ಬದುವಿನ ಮೇಲೆ ಕೂತು ಶುರು ಮಾಡಿದೆ.

ನಮ್ಮ ಮೈಯಲ್ಲಿ ಬಿಳಿ ರಕ್ತಕಣಗಳು ಓಡಾಡಿ ರೋಗಾಣು ಹಿಡಿಯುತ್ತವೆ. ಗಿಡದಲ್ಲಿ ಹಾಗೆ ಓಡಾಡುವವರು ಯಾರೂ ಇಲ್ಲ, ಪ್ರತಿ ಜೀವಕೋಶವೂ ಗೋಡೆಯೊಳಗೆ ಕೂತೇ ತನ್ನ ಕಾವಲು ತಾನೇ ಕಾಯಬೇಕು. ಅದಕ್ಕೆ ಹೊರಪೊರೆಯಲ್ಲಿ ಪಹರೆಯ ಪ್ರೋಟೀನುಗಳಿರುತ್ತವೆ. ಎಫ್‌ಎಲ್‌ಎಸ್2 ಅಂತ ಒಂದು ಇದೆ, ಸಾಸಿವೆ ಬಳಗದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ 2000ದಲ್ಲಿ ಗುರುತಿಸಿದ್ದು. ಬ್ಯಾಕ್ಟೀರಿಯಾ ಈಜುವ ಬಾಲದ ಪ್ರೋಟೀನಿನ ಬರೀ 22 ಅಮೈನೋ ಆಮ್ಲದ ಚೂರು ತಾಗಿದರೂ ಅದು ಎಚ್ಚರವಾಗುತ್ತದೆ. ಎಲೆಯ ರಂಧ್ರಗಳನ್ನು ಮುಚ್ಚಿಸುತ್ತದೆ, ಒಳಗೆ ಸುದ್ದಿ ಮುಟ್ಟಿಸುತ್ತದೆ.

"ಹೊರಗ ನಿಂತ ಪೊಲೀಸಪ್ಪ ತಾನಾ ಹೊಡಿತಾನೇನು?"

ಇಲ್ಲ. ಹೊಡೆಯುವ ಸಾಮಾನು ಜೀವಕೋಶದ ಒಳಗೆ ತಯಾರಾಗುತ್ತದೆ, ಪೊರೆಯದೇ ಸಣ್ಣ ಸಣ್ಣ ಚೀಲಗಳಲ್ಲಿ ತುಂಬಿ ಅಂಚಿಗೆ ಹೋಗುತ್ತದೆ, ಅಲ್ಲಿ ಚೀಲ ಹೊರಪೊರೆಗೆ ಬೆಸೆದುಕೊಂಡು ಸಾಮಾನು ಹೊರಗೆ ಸುರಿಯುತ್ತದೆ. ಬ್ಯಾಕ್ಟೀರಿಯಾ ಇರುವುದೇ ಜೀವಕೋಶಗಳ ನಡುವಿನ ಸಂದಿಯಲ್ಲಿ ಅಲ್ವಾ, ಅದಕ್ಕೆ ಅಲ್ಲಿಗೇ ಮುಟ್ಟಬೇಕು. ಹಾಗೆ ಬೆಸೆಯಲು ಎಸ್‌ವೈಪಿ132 ಎಂಬ ಪ್ರೋಟೀನ್ ಬೇಕು. ನಿಪ್ಪಾಣಿ ತಂಬಾಕಿನ ಬಳಗದ್ದೇ ಆದ ನಿಕೋಟಿಯಾನಾ ಬೆಂಥಾಮಿಯಾನಾ ಗಿಡದಲ್ಲಿ ಅದನ್ನು ಕಡಿಮೆ ಮಾಡಿ ನೋಡಿದಾಗ ಬ್ಯಾಕ್ಟೀರಿಯಾ ತಡೆಯುವ ಶಕ್ತಿ ಕುಗ್ಗಿತು. ಇದು 2007ರ ಕೆಲಸ.

"ಅಂದ್ರ ಒಳಗ ಟಂಟಂ ಓಡ್ತಾವ ಅನ್ನು. ಸಾಮಾನು ಹೇರಿಕೊಂಡು."

ಟಂಟಂ, ನಮ್ಮ ಕಡೆ ಸಾಮಾನು ಸಾಗಿಸುವ ಮೂರು ಗಾಲಿಯ ಗಾಡಿ! ನನ್ನ ಪಾಠಗಳಿಗಿಂತ ಇದೇ ಸರಿ ಅನಿಸಿತು. ಹೋಗುವ ಟಂಟಂ ಮಾತ್ರ ಅಲ್ಲ ಕಾಕಾ, ಬರುವ ಟಂಟಂ ಕೂಡ ಇವೆ ಅಂದೆ. ಒಮ್ಮೆ ಬ್ಯಾಕ್ಟೀರಿಯಾ ಮುಟ್ಟಿದ ಎಫ್‌ಎಲ್‌ಎಸ್2 ಅನ್ನು ಜೀವಕೋಶ ಒಂದು ಗಂಟೆಯೊಳಗೆ ಒಳಕ್ಕೆ ಎಳೆದುಕೊಂಡು ನಾಶ ಮಾಡುತ್ತದೆ, ಆಮೇಲೆ ಹೊಸದು ತಂದು ನಿಲ್ಲಿಸುತ್ತದೆ. ಸಿಲ್ಕೆ ರೊಬಾಟ್ಜೆಕ್ ಮತ್ತು ಜೊತೆಯವರು 2006ರಲ್ಲಿ ಈ ಪ್ರೋಟೀನಿಗೆ ಹಸಿರು ಹೊಳಪು ಅಂಟಿಸಿ, ಅಂಚಿನಿಂದ ಒಳಗೆ ಸರಿಯುವುದನ್ನು ಸೂಕ್ಷ್ಮದರ್ಶಕದಲ್ಲೇ ನೋಡಿದರು. ಎಂ.ಎಸ್ಸಿ. ದಿನಗಳಲ್ಲಿ ಆ ಚಿತ್ರಗಳನ್ನು ನೋಡುತ್ತಾ ಊಟ ಮರೆತಿದ್ದೆ, ಪ್ರಾಮಿಸ್.

ಕಾಕಾ ಪಂಪು ಇಳಿಸಿ ಪಕ್ಕಕ್ಕೆ ಕೂತರು. "ಇಷ್ಟೆಲ್ಲಾ ಇದ್ದು ಮತ್ತ ರೋಗ ಹೆಂಗ ಬರ್ತದ?"

ಅದೇ ನನಗೆ ಇಷ್ಟದ ಭಾಗ. ಬ್ಯಾಕ್ಟೀರಿಯಾ ಪೆದ್ದಲ್ಲ. ಪೊಲೀಸಪ್ಪನ ಜೊತೆ ಗುದ್ದಾಡುವುದಕ್ಕಿಂತ ಟಂಟಂ ಸ್ಟ್ಯಾಂಡನ್ನೇ ಕೆಡಿಸುತ್ತದೆ. ಸ್ಯೂಡೋಮೊನಾಸ್ ಸಿರಿಂಗೆ ಎಂಬ ಬ್ಯಾಕ್ಟೀರಿಯಾ ಸೂಜಿಯಂಥ ಕೊಳವೆಯಿಂದ ಹಾಪ್‌ಎಂ1 ಎಂಬ ಪ್ರೋಟೀನನ್ನು ಜೀವಕೋಶಕ್ಕೆ ಚುಚ್ಚುತ್ತದೆ. ಅದು ಹೋಗಿ, ಚೀಲಗಳು ಕಟ್ಟಿ ಹೊರಡುವ ಜಾಗದಲ್ಲಿರುವ ಮಿನ್7 ಎಂಬ ಪ್ರೋಟೀನನ್ನು ಇಲ್ಲವಾಗಿಸುತ್ತದೆ. ಶೆಂಗ್ ಯಾಂಗ್ ಹೆ ಅವರ ತಂಡ 2006ರಲ್ಲಿ ಇದನ್ನು ಅರಾಬಿಡಾಪ್ಸಿಸ್‌ನಲ್ಲಿ ತೋರಿಸಿತು. ಹತ್ತು ವರ್ಷದ ನಂತರ, 2016ರಲ್ಲಿ, ಅದೇ ತಂಡದಿಂದ ಇನ್ನೊಂದು ವಿಷಯ ಬಂತು: ಹಾಪ್‌ಎಂ1 ಎಲೆಯೊಳಗಿನ ಸಂದಿಗಳಲ್ಲಿ ನೀರು ತುಂಬಿಸಿಕೊಳ್ಳುತ್ತದೆ, ಆ ಒದ್ದೆಯಲ್ಲಿ ಬ್ಯಾಕ್ಟೀರಿಯಾ ಹುಲುಸಾಗಿ ಬೆಳೆಯುತ್ತವೆ. ಆದರೆ ಗಾಳಿಯಲ್ಲಿ ತೇವ ಜಾಸ್ತಿ ಇರಬೇಕು, ಒಣ ಹವೆಯಲ್ಲಿ ಈ ಆಟ ನಡೆಯುವುದಿಲ್ಲ.

ಕಾಕಾ ಒಂದು ಎಲೆ ಕಿತ್ತು ಬೆಳಕಿಗೆ ಹಿಡಿದರು. ಚುಕ್ಕೆಯ ಸುತ್ತ ನೀರು ಕುಡಿದಂಥ ಅಂಚು. ಇದು ಬೇರೆ ಬ್ಯಾಕ್ಟೀರಿಯಾ, ಇದರ ಉಪಾಯವೂ ಬೇರೆ ಇರಬಹುದು ಅಂತ ನಾನು ಹೇಳುವಷ್ಟರಲ್ಲಿ ಅವರೇ ಶುರು ಮಾಡಿದರು.

"ಅದಕ್ಕಾ ಮಳಿ ಹತ್ತಿದಾಗ ಇಷ್ಟು ಕುಣಿತದ. ಬ್ಯಾಸಗ್ಯಾಗ ಸುಮ್ನ ಇರ್ತದ."

ಹೌದು, ಮಳೆಗಾಲದ ಬೆಳೆಗೆ, ಅಂದರೆ ಮೃಗ ಬಹಾರಕ್ಕೆ, ಈ ರೋಗ ಜಾಸ್ತಿ ಅಂತಲೇ ಹಸ್ತ ಬಹಾರ ಹಿಡಿಯಲು ಹೇಳುತ್ತಾರೆ, ಅಂದರೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಹೂ ಬರುವ ಹಾಗೆ. ರೋಗದ ಟೊಂಗೆ ಕತ್ತರಿಸಿ ಸುಡುವುದು, ಕತ್ತರಿಯನ್ನು ಗಿಡದಿಂದ ಗಿಡಕ್ಕೆ ಹೋಗುವಾಗ ತೊಳೆಯುವುದು, ಗಿಡಕ್ಕೆ ಮೂರ್ನಾಲ್ಕು ತಿಂಗಳು ರೆಸ್ಟ್ ಕೊಡುವುದು, ಇದೆಲ್ಲ ಕಾಕಾಗೂ ಗೊತ್ತಿತ್ತು. ಔಷಧಿ ಅಂಗಡಿಯವರು ಮಾತ್ರ ಡಬ್ಬಿಯ ಬಗ್ಗೆಯೇ ಮಾತಾಡುತ್ತಾರೆ ಬಿಡಿ.

"ಮುಂದಿನ ಸಲ ಮೃಗ ಬಹಾರ ಬ್ಯಾಡ, ಹಸ್ತಾನ ಹಿಡಿಯೂಣು" ಅಂದರು ಕಾಕಾ. ಬುತ್ತಿ ತಂದಿದ್ದ ಕಾಕಿ ಕೇಳಿಸಿಕೊಂಡರು. "ಅಲ್ಲೀತನಾ ಸೊಸೈಟಿ ಸಾಲಕ್ಕ ಏನ್ ಕೊಡ್ತೀರಿ?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ರೊಟ್ಟಿ ಬಿಚ್ಚಿದೆವು.