ಫ್ರಿಜ್‌ನಲ್ಲಿಡೋ ಕೆಂಪು ವೈನ್

ಕೆಂಪು ವೈನ್ ಬರೀ ಒಗರು ಅಂತ ಮೂಗು ಮುರಿಯೋರಿಗೆ ನಾನು ಹೇಳೋದು ಒಂದೇ ಹೆಸರು, ಬೋಜೊಲೆ. ಫ್ರಾನ್ಸಿನ ಲಿಯಾನ್ ನಗರದ ಉತ್ತರಕ್ಕಿರೋ ಗುಡ್ಡಗಳಲ್ಲಿ ಬೆಳೆಯೋ ಗಾಮೆ ದ್ರಾಕ್ಷಿಯದು. ಗೊಂಚಲು ಜಜ್ಜದೆ ಇಡಿಯಾಗೇ ತೊಟ್ಟಿಗೆ ತುಂಬಿ ಹುದುಗಿಸೋದು ಅಲ್ಲಿನ ರೂಢಿ. ಹಾಗಾಗಿ ಒಗರು ಕಡಿಮೆ, ಚೆರ್ರಿ ಹಣ್ಣಿನ ಘಮ ಜಾಸ್ತಿ. ಕುಡಿಯೋ ಮುಂಚೆ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ, 13 ಡಿಗ್ರಿ ಆಸುಪಾಸಿದ್ರೆ ಚೆಂದ. ಕೆಂಪು ವೈನನ್ನ ತಣ್ಣಗೆ ಮಾಡ್ತಾರಾ ಅಂತ ಹುಬ್ಬೇರಿಸೋರು ಏರಿಸ್ಲಿ ಬಿಡಿ.

ಜೊತೆಗೇನು? ಲಿಯಾನಿನ ಬುಶಾನ್ ಅನ್ನೋ ಪುಟ್ಟ ಊಟದ ಮನೆಗಳಲ್ಲಿ ಒಣ ಸಾಸೇಜು, ಹಂದಿ ಮಾಂಸ ಅರೆದು ಬೇಯಿಸಿದ ಪಾಟೆ. ನನಗೆ ಬೆಣ್ಣೆ ಹಚ್ಚಿ ಹುರಿದ ಕೋಳಿ ಸಾಕು. ಮಾಂಸ ಬೇಡದವರಿಗೆ ಅಣಬೆ.

ತಮಾಷೆ ನೋಡಿ, 1395ರಲ್ಲಿ ಬೋಜೊಲೆಯ ಉತ್ತರಕ್ಕಿರೋ ಬರ್ಗಂಡಿ ಸೀಮೆಯ ದೊರೆ, ಡ್ಯೂಕ್ ಫಿಲಿಪ್ ಇದೇ ಗಾಮೆಯನ್ನ ಕೆಟ್ಟ ಬಳ್ಳಿ ಅಂತ ಬೈದು, ಕಿತ್ತೆಸೀರಿ ಅಂತ ಆಜ್ಞೆ ಹೊರಡಿಸಿದ್ದ. ಅವನ ಸೀಮೆಯಲ್ಲಿ ಬೇಡವಾದದ್ದು ದಕ್ಷಿಣಕ್ಕಿರೋ ಬೋಜೊಲೆಯ ಗ್ರಾನೈಟ್ ನೆಲದಲ್ಲಿ ಹಾಯಾಗಿ ಬಾಳ್ತು! ದೊಡ್ಡವರ ರುಚಿಯನ್ನ ಎಷ್ಟು ನಂಬಬೇಕೋ.

ನವೆಂಬರ್ ಮೂರನೇ ಗುರುವಾರ ಮಾರಾಟಕ್ಕೆ ಬರೋ, ಅದೇ ವರ್ಷದ ಹೊಸ ಬೋಜೊಲೆ ವೈನಿನ ಗದ್ದಲ ನನಗಷ್ಟು ಹಿಡಿಸಲ್ಲ. ಬೋಜೊಲೆಯೊಳಗಿನ ಹೆಸರಾಂತ ವೈನ್ ಪ್ರದೇಶಗಳಾದ ಮೊರ್ಗಾನ್ ಅಥವಾ ಫ್ಲೂರಿ ಅಂತ ಲೇಬಲ್ ಇರೋ ಬಾಟಲಿ ಸಿಕ್ರೆ ಬಿಡಬೇಡಿ.